ಅಣ್ಣ ತಿಂದ ಸಕ್ಕರೆ

ಸ್ವಲ್ಪ ಸರಿದು ಕೂತುಕೊಳ್ಳಿ, ಈ ಕತೆಯೊಳಗೆ ಸುನಂದಾ ಹತ್ತುತ್ತಾಳೆ. ಕಲಬುರಗಿ–ಕಮಲಾಪುರ ಬಸ್ಸಿನ ಕಂಡಕ್ಟರ್ ಅವಳು. ಕೆಂಪು ಬಾಳೆಗೊನೆಯನ್ನು ಸೀಟಿನ ಮೇಲೆ ಮಲಗಿಸಿದವನ ತೊಡೆಗೇ ಆ ಗೊನೆ ಏರಿಸಿ, ಖಾಲಿಯಾದ ಜಾಗದಲ್ಲಿ ಬಸುರಿಯೊಬ್ಬಳನ್ನು ಕೂಡಿಸುವಾಕೆ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, ನಿಮ್ಮ ಸ್ಟಾಪ್ ಯಾವುದು ಎಂದು ತಿರುಗಿ ಕೇಳುತ್ತಾಳೆ.

ಶಹಾಬಜಾರದ ಓಣಿಯೊಂದರಲ್ಲಿ ಮಾಳಿಗೆಯ ಮೇಲಿನ ಕೋಣೆ ಅವಳ ಬಾಡಿಗೆ ಮನೆ. ಯುಗಾದಿ ಕಳೆದ ಮೇಲೆ ಮಗನ ಮದುವೆ, ಕೋಣೆ ಬೇಕು ಎಂದರು ಮಾಲೀಕರು. ಬೇರೆ ಬಾಡಿಗೆ ಹುಡುಕಿದಳು. ಹೋದಲ್ಲೆಲ್ಲ ಮೊದಲು ಗಂಡನ ಹೆಸರು ಕೇಳಿದರು, ಆಮೇಲೆ ಅಣ್ಣನ ಹೆಸರು. ಅವಳ ಹೆಸರನ್ನು ಯಾರೂ ಕೇಳಲಿಲ್ಲ. ಹಾಗಿದ್ದರೆ ಕೊಂಡೇ ಬಿಡುತ್ತೇನೆ, ಸಣ್ಣದಿರಲಿ, ಕೀಲಿಯನ್ನು ಯಾರೂ ತಿರುಗಿ ಕೇಳದಂಥದ್ದು, ಎಂದು ಅಂದೇ ನಿಶ್ಚಯ ಮಾಡಿದಳು.

ಕಮಲಾಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಅಣ್ಣ ಕಲ್ಯಾಣಪ್ಪ ಅವಳನ್ನು ತನ್ನ ಹೆಂಡತಿಯ ಕಡೆಯ ಸಂಬಂಧಿ, ಮನೆ ಮಾರಿಸುವ ಏಜೆಂಟ್ ಗುರುಪ್ರಸಾದನ ಹತ್ತಿರ ಕರೆದೊಯ್ದ. ನಮ್ಮ ಕಡೆ ಹೆಣ್ಣು ಗೊತ್ತಾದಾಗ ಸಕ್ಕರೆ ತಿನ್ನಿಸುತ್ತಾರಲ್ಲ, ಗುರುಪ್ರಸಾದ ಅದನ್ನೇ ತನ್ನ ಆಫೀಸಿಗೆ ತಂದಿದ್ದ. ಗಿರಾಕಿ ಮೊದಲು ಸಕ್ಕರೆ ತಿನ್ನಬೇಕು, ಆಮೇಲೇ ಮನೆ ತೋರಿಸುವುದು. ತಿಂದವರು ಬೇರೆ ಏಜೆಂಟನ ಬಾಗಿಲಿಗೆ ಹೋಗುವಂತಿಲ್ಲ. ಗೊತ್ತಾದ ಹೆಣ್ಣನ್ನು ನೋಡಲು ಇನ್ನೊಬ್ಬರು ಹೋಗುತ್ತಾರೆಯೇ? ಹಾಗೆ, ಅವನ ಗಿರಾಕಿಯನ್ನು ಉಳಿದ ಏಜೆಂಟರೂ ಮುಟ್ಟುತ್ತಿರಲಿಲ್ಲ.

ಸುನಂದಾ ಅಂಗೈಗೆ ಬಿದ್ದ ಸಕ್ಕರೆಯನ್ನು ತಿರುಗಿ ಡಬ್ಬಿಗೆ ಸುರಿದಳು. ಮೊದಲು ಮನೆ ನೋಡುತ್ತೇನೆ, ತಿನ್ನುವುದು ಆಮೇಲೆ, ಎಂದಳು. ಗುರುಪ್ರಸಾದ ನಕ್ಕು, ಸಂಬಂಧದ ಮುಲಾಜಿಗೆ ಒಂದೆರಡು ಮನೆ ತೋರಿಸಿದ. ಇದರಲ್ಲಿ ಸರಿ ಇಲ್ಲದ್ದು ಏನು ಎಂದು ಪ್ರತಿ ಮನೆಯಲ್ಲೂ ಅವಳು ಕೇಳಿದಳು. ಏನೂ ಇಲ್ಲ ಎಂದು ಪ್ರತಿ ಮನೆಯಲ್ಲೂ ಅವನು ಹೇಳಿದ.

ಆಮೇಲೆ ಅವಳು ಸ್ಕೂಟರಿನ ಮೇಲೆ ತಿರುಗಿ ಮನೆ ತೋರಿಸುವ ಇನ್ನೊಬ್ಬ ಏಜೆಂಟ್ ಮಕ್ಬೂಲ್ ಅವರನ್ನು ಹುಡುಕಿಕೊಂಡು ಹೋದಳು. ಅವರು ಚಹಾದ ಕಪ್ಪು ಕೆಳಗಿಟ್ಟು, "ನಿಮ್ಮ ಸಕ್ಕರಿ ಆಗ್ಯಾದಲ್ಲ ಬೆಹೆನ್. ನಾ ಹೆಂಗ ಮನಿ ತೋರಸಲಿ?" ಎಂದರು. ವಿಚಾರಿಸಿದರೆ, ಅವಳು ಡ್ಯೂಟಿ ಮೇಲಿದ್ದಾಗ ಕಲ್ಯಾಣಪ್ಪ ಒಬ್ಬನೇ ಹೋಗಿ, ತಂಗಿಯ ಪರವಾಗಿ ತಾನೇ ಸಕ್ಕರೆ ತಿಂದು ಬಂದಿದ್ದ. ಮನೆಯ ಹಿರಿಯ ತಿಂದರೆ ಹೆಣ್ಣು ತಿಂದಂತೆ ಎಂಬುದು ಅವನ ಲೆಕ್ಕ.

ಸುನಂದಾ ಖಾಕಿ ಅಂಗಿಯಲ್ಲೇ ಅಣ್ಣನನ್ನು ಕರೆದುಕೊಂಡು ಗುರುಪ್ರಸಾದನ ಆಫೀಸಿಗೆ ನಡೆದಳು. ಅಲ್ಲಿ ನಾಲ್ಕು ಜನ ಕೂತಿದ್ದರು, ಒಳ್ಳೆಯದೇ ಆಯಿತು.

"ಹತ್ತಿ ಇಳಿದು, ಹತ್ತಿ ಇಳಿದು ನೋಡಾಕ ಇದೇನು ಬಸ್ಸೇನ್ರಿ ಅಕ್ಕಾರ?" ಎಂದ ಗುರುಪ್ರಸಾದ.

"ಬಸ್ಸಿಗೂ ಬೋರ್ಡ್ ನೋಡೇ ಹತ್ತತಾರ್ರಿ. ನೀವು ಬೋರ್ಡ್ ತೋರಸಲಾರದ ಟಿಕೆಟ್ ಹರಿಯಾಕತ್ತೀರಿ."

ಕಲ್ಯಾಣಪ್ಪ ತಗ್ಗಿದ ದನಿಯಲ್ಲಿ, "ನಾ ಮಾತು ಕೊಟ್ಟೀನಿ ತಂಗಿ, ಮರ್ಯಾದಿ ಹೋಗ್ತದ" ಎಂದ.

"ಸಕ್ಕರಿ ತಿಂದಾವ ನೀ. ಮನಿನೂ ನೀನೇ ತಗೋ, ನೀನೇ ಇರು. ನನ್ನ ಬಾಯಿ ನನ್ನ ಹತ್ರನೇ ಅದ."

ಕೂತವರಲ್ಲಿ ಒಬ್ಬ ಗಿರಾಕಿ ತಾನು ಹಿಡಿದಿದ್ದ ಸಕ್ಕರೆಯನ್ನು ಮೆಲ್ಲಗೆ ಮೇಜಿನ ಮೇಲೆ ಬಿಟ್ಟ.

ಆ ಮಾತು ಅವಳಿಗಿಂತ ಮುಂಚೆ ಮಕ್ಬೂಲರನ್ನು ಮುಟ್ಟಿತ್ತು. ಮರುದಿನ ಅವರು ಜೇವರ್ಗಿ ಕಾಲೋನಿಯ ಒಂದು ಮನೆ ತೋರಿಸಿದರು. ಹೊಳೆಯುವ ಟೈಲ್ಸು, ಹೊಸ ಬಣ್ಣ. ಸುನಂದಾಳ ಕಣ್ಣು ಅಲ್ಲೇ ನಿಂತಿತು. ಕೇಳಬೇಕಾದ ಪ್ರಶ್ನೆ ಬಾಯಿಂದ ಹೊರಡುವ ಮೊದಲೇ ಮಕ್ಬೂಲ್ ಮೆಟ್ಟಿಲ ಮೇಲೆ ಕೂತು ಹೇಳಿದರು:

"ಇದು ಬ್ಯಾಡ ಬೆಹೆನ್. ಬೋರು ಪಕ್ಕದ ಮನಿ ಜೋಡಿ ಪಾಲಿನ್ಯಾಗ ಅದ, ಬ್ಯಾಸಿಗ್ಯಾಗ ದಿನಾ ಜಗಳ. ನನಗ ಕಮಿಷನ್ ಬರ್ತದ, ನಿಮಗ ನೀರು ಬರಂಗಿಲ್ಲ."

ಅವಳು ಓಣಿಯ ಮೂಲೆಯ ಕಿರಾಣಿ ಅಂಗಡಿಗೆ ಹೋಗಿ ಸಕ್ಕರೆ ಕಟ್ಟಿಸಿಕೊಂಡು ಬಂದಳು. ಒಂದು ಚಿಟಿಕೆ ಮಕ್ಬೂಲರ ಕೈಗೆ, ಒಂದು ತನ್ನ ಬಾಯಿಗೆ.

"ಇವತ್ತಿಂದ ನಾ ನಿಮ್ಮ ಗಿರಾಕಿರಿ ಭಾಯಿ" ಎಂದಳು.

ಆಮೇಲೆ ಅವಳು ಬೇರೆ ಏಜೆಂಟನ ಕಡೆ ತಿರುಗಿಯೂ ನೋಡಲಿಲ್ಲ. ಯುಗಾದಿ ಬಂತು, ಹೋಯಿತು. ಮಾಲೀಕರು ಮೆಟ್ಟಿಲ ಕೆಳಗೆ ನಿಂತು ಕೆಮ್ಮತೊಡಗಿದರು. ಮಾಡಿದ್ದುಣ್ಣು ಎಂಬಂತೆ ಕಲ್ಯಾಣಪ್ಪ ಅವಳ ಫೋನ್ ಎತ್ತುವುದನ್ನೇ ಬಿಟ್ಟ. ಸುನಂದಾ ಗಂಟು ಮೂಟೆ ಕಟ್ಟಿ, ಜೊತೆ ಕಂಡಕ್ಟರ್ ಅಂಬಿಕಾಳ ಮನೆಯ ಪಡಸಾಲೆಯಲ್ಲಿ ಹಾಸಿಗೆ ಹಾಕಿದಳೇ ಹೊರತು ಮಕ್ಬೂಲರಿಗೆ ಅವಸರ ಮಾಡಲಿಲ್ಲ. ಬೇಡ ಎನ್ನಲು ಬಲ್ಲವರಿಗೆ ಬೇಕು ಎನ್ನುವುದೂ ಗೊತ್ತಿರುತ್ತದೆ ಎಂದು ಅಂಬಿಕಾಳಿಗೆ ಹೇಳಿದಳು.

ಸಿಕ್ಕಿದ್ದು ಬ್ರಹ್ಮಪುರದಲ್ಲಿ. ಎರಡೇ ಕೋಣೆ, ನೆಲಕ್ಕೆ ಹಳೆಯ ಪರಸಿ ಕಲ್ಲು, ಅಂಗಳದಲ್ಲಿ ಸ್ವಂತ ಬೋರು. ಹಿಂದಿನ ಗೋಡೆಯ ಬಿರುಕನ್ನು ಮಕ್ಬೂಲರೇ ಬೆರಳಿಟ್ಟು ತೋರಿಸಿದರು. ಅದನ್ನು ಮುಚ್ಚಿಸಿಯೇ ಅವಳು ಹಾಲುಕ್ಕಿಸಿದಳು.

ಅಂದು ಕಲ್ಯಾಣಪ್ಪನೂ ಬಂದ, ಹೊಸ್ತಿಲ ಹೊರಗೇ ನಿಂತ. ಸುನಂದಾ ಸಕ್ಕರೆಯ ತಟ್ಟೆ ಹಿಡಿದು ಬಂದಳು. ಮೊದಲು ತಾನು ತಿಂದಳು, ಆಮೇಲೆ ತಟ್ಟೆ ಅವನ ಮುಂದೆ ಚಾಚಿದಳು.

"ನಂದು ಆತು ಅಣ್ಣಾ. ಇದು ನಿನ್ನ ಪಾಲಿಂದು ಅಷ್ಟ. ತಿಂದು ಒಳಗ ಬಾ."