ತಲೆಯಿಲ್ಲದ ತೆಂಗಿನ ಮರ

ಪ್ರಾಥಮಿಕ ಶಾಲೆಯ ಚಿತ್ರಕಲೆ ಎಂದರೆ ನಮ್ಮ ಕಡೆ ಬಹುಕಾಲ ಎರಡೇ ಬಗೆ: ಎರಡು ಗುಡ್ಡದ ನಡುವೆ ಹುಟ್ಟುವ ಸೂರ್ಯ ಒಂದು, ಮಗುವಿನ ಹೆಸರಿನಲ್ಲಿ ಮೇಷ್ಟರೇ ಬರೆದ ಚಿತ್ರ ಇನ್ನೊಂದು. ವಸ್ತುಪ್ರದರ್ಶನ ಬಂತೆಂದರೆ ತುಮಕೂರಿನ ಅಂಗಡಿಯಿಂದ ಥರ್ಮಾಕೋಲಿನ ಮನೆ ತಂದು, ಅದರ ಪಕ್ಕ ಒಂದನೇ ತರಗತಿಯ ಮಗುವನ್ನು ನಿಲ್ಲಿಸಿ, ಬಹುಮಾನ ಹೊಡೆದುಕೊಂಡು ಬರುವುದನ್ನೇ ಜಾಣತನವೆಂದು ತಿಳಿದವರು ಹೆಚ್ಚು. ಇಂಥ ಕಾಲದಲ್ಲಿ, ಎಳೆಯ ಕೈ ಏನು ಮಾಡಬಲ್ಲದೋ ಅದೇ ಕಲೆ, ಅದರ ಮೇಲೆ ದೊಡ್ಡವರ ಕೈ ಬೀಳಕೂಡದು ಎಂದು ಹಟ ಹಿಡಿದು, ಕುಣಿಗಲ್ ಮತ್ತು ಗುಬ್ಬಿ ತಾಲ್ಲೂಕುಗಳ ಶಾಲೆಗಳಲ್ಲಿ ಸೇವೆಯುದ್ದಕ್ಕೂ ಹಾಗೆಯೇ ನಡೆದುಕೊಂಡವರು ಶ್ರೀಮತಿ ಗಂಗಾಂಬಿಕೆಯವರು. ಈ ತಿಂಗಳು ನಿವೃತ್ತರಾಗುತ್ತಿರುವ ಅವರ ವಿಷಯದಲ್ಲಿ ದೊಡ್ಡ ವಿಶೇಷಣಗಳು ಬೇಕಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದರೆ ಸಾಕು.

ಯಡಿಯೂರಿನ ಹತ್ತಿರದ ರೈತರ ಮನೆಯಲ್ಲಿ ಹುಟ್ಟಿ, ಕ್ಯಾತ್ಸಂದ್ರದ ಹಾಸ್ಟೆಲಿನಲ್ಲಿದ್ದುಕೊಂಡು ಶಿಕ್ಷಕರ ತರಬೇತಿ ಮುಗಿಸಿದ ಅವರಿಗೆ ಮೊದಲ ಕೆಲಸ ಸಿಕ್ಕಿದ್ದು ಕುಣಿಗಲ್ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಅಲ್ಲಿ ಬಣ್ಣದ ಡಬ್ಬಿ ಇರಲಿಲ್ಲ. ಅರಿಸಿನ, ಇದ್ದಿಲು, ಕೆಮ್ಮಣ್ಣು, ಬೇಲಿಯ ಬಸಳೆ ಹಣ್ಣು ಇದ್ದವು. ಜಗಿದ ಬೇವಿನ ಕಡ್ಡಿಯೇ ಕುಂಚ, ಉದುರಿದ ಅಡಿಕೆ ಹಾಳೆಯೇ ಕಾಗದ. ಒಮ್ಮೆ ಪಲ್ಲವಿ ಎಂಬ ಪುಟ್ಟ ಹುಡುಗಿ ಲಂಗಕ್ಕೆಲ್ಲ ಬಸಳೆ ಹಣ್ಣಿನ ರಸ ಮೆತ್ತಿಕೊಂಡು ಮನೆಗೆ ಹೋಗಿ ಏಟು ತಿಂದಳು. ಮರುದಿನ ಅವಳು ಬಣ್ಣ ಮುಟ್ಟದೆ ಕೈಕಟ್ಟಿ ಕುಳಿತದ್ದನ್ನು ಕಂಡ ಗಂಗಾಂಬಿಕೆಯವರು ಸಂಜೆ ಅವಳ ಮನೆಗೇ ಹೋಗಿ, ಆ ಲಂಗ ಇಸಿದುಕೊಂಡು, ಒಗೆಯುವ ಕಲ್ಲಿನ ಮೇಲೆ ಹಾಕಿ ತಾವೇ ಉಜ್ಜತೊಡಗಿದರು. ಬಣ್ಣ ಹೋಗಲಿಲ್ಲ. ಪಲ್ಲವಿಯ ತಾಯಿಯೇ ನಾಚಿಕೊಂಡು, "ಬುಡಿ ಮಿಸ್, ಸಾಕು. ನಮ್ಮನೆಯೋರ್ದು ಹಳೇ ಅಂಗಿ ಕೊಡ್ತೀನಿ, ಇನ್ಮ್ಯಾಲೆ ಅದ್ನ ಹಾಕ್ಸಿ ಏನಾದ್ರೂ ಬಳ್ಕೊಳ್ಳಿ," ಎಂದರು. ಗಂಡಸರ ಹಳೆಯ ಅಂಗಿಯನ್ನು ಹಿಂದುಮುಂದಾಗಿ ತೊಡಿಸಿ ಬೆನ್ನಿಗೆ ಗುಂಡಿ ಹಾಕುವ ಅವರ ಪದ್ಧತಿ ಹುಟ್ಟಿದ್ದು ಹೀಗೆ. ಅವರು ಹೋದ ಶಾಲೆಗೆಲ್ಲ ಅಂಗಿಗಳ ಆ ಗಂಟೂ ಹೋಯಿತು.

ಗುಬ್ಬಿ ತಾಲ್ಲೂಕಿನ ತೊರೆಪಾಳ್ಯಕ್ಕೆ ವರ್ಗವಾಗಿ ಬಂದಾಗ ಆ ಶಾಲೆ ಒಂದೆಳೆ ನೂಲಿನಲ್ಲಿ ತೂಗುತ್ತಿತ್ತು. ಇದ್ದವರು ಇಬ್ಬರು ಶಿಕ್ಷಕರು; ನಾಲ್ಕಾರು ಮಕ್ಕಳು ಶಾಲೆ ಬಿಟ್ಟರೂ ಒಂದು ಹುದ್ದೆ ಹೋಗುತ್ತಿತ್ತು, ಹೊಸದಾಗಿ ಬಂದ ಗಂಗಾಂಬಿಕೆಯವರೇ ಗಂಟು ಕಟ್ಟಬೇಕಾಗುತ್ತಿತ್ತು. ಕಾನ್ವೆಂಟಿನ ವ್ಯಾನು ದಿನಾ ಶಾಲೆಯ ಬಾಗಿಲಿಗೇ ಬಂದು ತಿರುಗುತ್ತಿತ್ತು. ಶಾಲಾ ಸಮಿತಿಯ ಅಧ್ಯಕ್ಷರು, ತೆಂಗಿನ ತೋಟದ ಯಜಮಾನರಾದ ವೆಂಕಟರಂಗಯ್ಯನವರು. ಅವರ ಮೊಮ್ಮಗಳು ಮಾನಸಾ ಎರಡನೇ ತರಗತಿಯಲ್ಲಿದ್ದಳು. ಅವರು ಒಂದು ದಿನ ಬಂದು ನೇರವಾಗಿ ಹೇಳಿದರು:

"ಏನ್ ಮಿಸ್ಸೇ, ಓದಕ್ ಕಳಿಸಿದ್ರೆ ಮಣ್ ಕಲಸ್ಕೊಂಡ್ ಬತ್ತವೆ. ಮಣ್ ಕಲ್ಸಕ್ಕೆ ನಮ್ ತೋಟ ಸಾಲ್ದಾ? ವಾರ್ಷಿಕೋತ್ಸವಕ್ಕೆ ಒಂದು ಎಕ್ಸಿಬಿಷನ್ ಮಾಡಿ. ಕಾನ್ವೆಂಟ್ನೋರ ಥರ ನೀಟಾಗಿದ್ರೆ ಸರಿ. ಇಲ್ದಿದ್ರೆ ಜೂನ್‌ಗೆ ನಮ್ಮಗೂನ ವ್ಯಾನ್ ಹತ್ತಿಸ್ತೀನಿ. ನಾನ್ ಹತ್ಸಿದ್ರೆ ಊರೇ ಹತ್ತಿಸ್ತದೆ, ತಿಳ್ಕಳಿ."

"ಮಾಡ್ತೀನಿ ಯಜಮಾನ್ರೇ. ಆದ್ರೆ ಮಕ್ಳೇ ಮಾಡ್ತಾರೆ."

ಯಜಮಾನರಿಗೆ ನಂಬಿಕೆ ಬರಲಿಲ್ಲ. ಬೋರ್ಡು ಬರೆಯುವ ಗುರುಪ್ರಕಾಶ್ ಎಂಬ ಯುವಕನನ್ನು ತುಮಕೂರಿನಿಂದ ಕರೆಸಿ, ಚಿತ್ರಗಳನ್ನು ಸ್ವಲ್ಪ ತಿದ್ದಿಕೊಡೆಂದು ಕಳಿಸಿದರು. ಕೈ ಪಳಗಿದವನು, ತೊಂದರೆ ಇದ್ದದ್ದೇ ಅದರಲ್ಲಿ. ಮಾನಸಾ ಬರೆದ ತೋಟದ ಚಿತ್ರದಲ್ಲಿ ಎಲ್ಲ ತೆಂಗಿನ ಮರಕ್ಕೂ ಗರಿಯಿತ್ತು, ಒಂದಕ್ಕೆ ಮಾತ್ರ ಇರಲಿಲ್ಲ. ಕಂಬದಂತೆ ಬೋಳಾಗಿ ನಿಂತಿತ್ತು. "ಪಾಪ, ಗರಿ ಮರ್ತವ್ಳೆ," ಎಂದು ಅವನು ಕುಂಚ ಅದ್ದಿ ಕೈ ಚಾಚಿದ. ಗಂಗಾಂಬಿಕೆಯವರ ಎಡಗೈ ಬಂದು ಅವನ ಮಣಿಕಟ್ಟು ಹಿಡಿಯಿತು.

"ಮರ್ತಿಲ್ಲ."

"ನಾಲ್ಕ್ ಗೀಟು ಅಷ್ಟೇ ಮೇಡಂ. ಅಧ್ಯಕ್ಷರ ಮೊಮ್ಮಗಳ್ದು, ಚೆನ್ನಾಗಿರ್ಲಿ ಅಂತ."

"ಆ ನಾಲ್ಕ್ ಗೀಟು ನಿಮ್ದಾಗ್ತದೆ, ಅವಳ್ದಲ್ಲ. ಕೂತ್ಕೊಂಡು ಕಾಫಿ ಕುಡೀರಿ."

ಮುಖ್ಯೋಪಾಧ್ಯಾಯ ಶಿವರಾಮಯ್ಯನವರು ಪಕ್ಕದಿಂದ ಗೊಣಗಿದರು: "ಒಂದ್ ಮರಕ್ಕೆ ತಲೆ ಇಟ್ರೆ ನಮ್ಮಿಬ್ರ ತಲೆ ಉಳೀತದೆ. ಬುಡಿ ಮೇಡಂ."

ಗಂಗಾಂಬಿಕೆಯವರು ಕೈ ಬಿಡಲಿಲ್ಲ. ಆ ಮರ ಯಾಕೆ ಬೋಳು ಎಂಬುದು ಅವರಿಗೂ ಗೊತ್ತಿರಲಿಲ್ಲ. ಯಾಕೆಂದು ಕೇಳಿದರೆ ಮಗು ಅದನ್ನು ತಪ್ಪೆಂದುಕೊಂಡು ಒರೆಸಿಬಿಡುತ್ತದೆ, ಆದ್ದರಿಂದ ಕೇಳಿರಲಿಲ್ಲ. ಮಾನಸಾ ಎಲ್ಲಕ್ಕಿಂತ ಹೆಚ್ಚು ಹೊತ್ತು ಬಗ್ಗಿ ಕುಳಿತದ್ದು ಆ ಮರದ ಮೇಲೆಯೇ ಎಂಬುದನ್ನು ಮಾತ್ರ ಅವರು ನೋಡಿದ್ದರು. ತಮ್ಮ ಹುದ್ದೆ, ಶಾಲೆಯ ಮಕ್ಕಳು, ಎಲ್ಲವೂ ಆ ಬೋಳು ಮರದ ಮೇಲೆ ನಿಂತಿವೆ ಎಂದು ತಿಳಿದೇ ಅವರು ಅದನ್ನು ಹಾಗೆಯೇ ತೂಗುಹಾಕಿದರು.

ತೂಗುಹಾಕುವುದರಲ್ಲೂ ಅವರದೊಂದು ಕ್ರಮವಿತ್ತು. ತೆಂಗಿನ ನಾರಿನ ಹಗ್ಗವನ್ನು ಮಕ್ಕಳ ಎದೆಮಟ್ಟಕ್ಕೆ ಕಟ್ಟಿಸುತ್ತಿದ್ದರು. ಹೆಸರು ಚಿತ್ರದ ಹಿಂದೆ. ದೊಡ್ಡವರು ಕುಕ್ಕರಗಾಲಲ್ಲಿ ಕುಳಿತು ತಮ್ಮ ಮನೆಯ ಚಿತ್ರವನ್ನು ತಾವೇ ಹುಡುಕಿಕೊಳ್ಳಬೇಕು.

ವಾರ್ಷಿಕೋತ್ಸವದ ದಿನ ಗರಿಗರಿ ಪಂಚೆಯಲ್ಲಿ ಬಂದ ವೆಂಕಟರಂಗಯ್ಯನವರು ಮುಖ ಗಂಟಿಕ್ಕಿಕೊಂಡೇ ಕುಳಿತರು. ಹಸುವಿದ್ದ ಒಂದು ಚಿತ್ರ ತೋರಿಸಿ, "ಇದೇಯ ನಮ್ದು," ಎಂದರು.

ಪಕ್ಕದಲ್ಲಿ ಮೊಮ್ಮಗನ ಚಿತ್ರ ಹುಡುಕುತ್ತಿದ್ದ ಮರಿಯಮ್ಮ ಬಿಡಲಿಲ್ಲ. "ಅದು ನಮ್ ಹಸ ಕಣ್ರೀ ಯಜಮಾನ್ರೇ. ಕೊಂಬು ಮುರ್ದಿರದು ಕಾಣಕ್ಕಿಲ್ವಾ? ನಿಮ್ಮನೇಲಿ ಎಲ್ಲೈತೆ ಹಸ, ಪ್ಯಾಕೆಟ್ ಹಾಲ್ ತಾನೆ ನೀವು ಕುಡಿಯದು."

ನಗು ಎದ್ದಿತು. ಯಜಮಾನರು ಕುಳಿತಲ್ಲಿಂದಲೇ ಸರಿಯುತ್ತ ಹೋದರು. ಬೋಳು ಮರದ ಚಿತ್ರದ ಮುಂದೆ ತಡೆದರು. ಹೊತ್ತಾದರೂ ಏಳಲಿಲ್ಲ.

"ಸಿಡ್ಲು ಹೊಡ್ದಿದ್ದು," ಎಂದರು ಕೊನೆಗೆ. "ಬಾವಿ ಪಕ್ಕದ್ದು. ನಮ್ಮಪ್ಪ ಇಟ್ಟಿದ್ ಮರ. ಕಡ್ಸಕ್ಕೆ ಮನಸ್ ಬರ್ದೆ ಹಂಗೇ ಬುಟ್ಟಿದೀನಿ." ಆಮೇಲೆ ಶಿವರಾಮಯ್ಯನವರ ಕಡೆ ತಿರುಗಿ, "ಆ ಬೋರ್ಡಿನ ಹುಡ್ಗ ಇದಕ್ಕೆ ಕೈ ಹಾಕ್ಲಿಲ್ವಾ?" ಎಂದು ಕೇಳಿದರು.

"ಹಾಕಕ್ ಹೋದ. ಮೇಡಂ ಹಿಡ್ಕೊಂಡ್ರು."

ಚಿತ್ರದ ಹಿಂದಿನ ಹೆಸರನ್ನು ಯಜಮಾನರು ತಿರುಗಿಸಿಯೂ ನೋಡಲಿಲ್ಲ. ಜೂನ್‌ನಲ್ಲಿ ವ್ಯಾನು ಬಂದು ಖಾಲಿಯಾಗಿ ತಿರುಗಿತು. ಹುದ್ದೆ ಉಳಿಯಿತು. ಅದೇ ವಾರ ವೆಂಕಟರಂಗಯ್ಯನವರ ಮನೆಯಿಂದ ಮಾನಸಾಳ ಕೈಯಲ್ಲಿ ಎರಡು ಹಳೆಯ ಅಂಗಿ ಬಂದವು.

ಗಂಗಾಂಬಿಕೆಯವರ ಈ ಅಭಿನಂದನ ಸಂಪುಟವನ್ನು ಅಚ್ಚುಹಾಕುತ್ತಿರುವವರು ಅದೇ ಗುರುಪ್ರಕಾಶ್. ಈಗ ತುಮಕೂರಿನಲ್ಲಿ ಸ್ವಂತ ಮುದ್ರಣಾಲಯ ಇಟ್ಟಿದ್ದಾರೆ. ಮುಖಪುಟಕ್ಕೆ ಮೇಡಂ ಅವರ ಚಿತ್ರ ಬರೆದುಕೊಡಿ ಎಂದು ಅಭಿನಂದನ ಸಮಿತಿ ಕೇಳಿದರೆ ಅವರು ಒಪ್ಪದೆ, ತೊರೆಪಾಳ್ಯದ ಎರಡನೇ ತರಗತಿಯ ಮಕ್ಕಳಿಂದ ಬರೆಸಿದರು. ಅದರಲ್ಲಿ ಮೇಡಂ ಎಂದೂ ಉಡದ ಬಣ್ಣದ ಸೀರೆಯಿದೆ, ಎಡಗೈ ನೆಲ ಮುಟ್ಟುವಷ್ಟು ಉದ್ದವಿದೆ. ಕೈಯನ್ನಾದರೂ ಮೊಟಕು ಮಾಡಿ ಎಂದು ಸಮಿತಿಯ ಕೆಲವರು ಹೇಳಿದರು. ಇಷ್ಟು ಕೇಳಿದ ಮೇಲೂ ಹಾಗೆ ಹೇಳುವವರು ಇನ್ನೂ ಇದ್ದಾರೆ.

"ನಾ ಮುಟ್ಟಲ್ಲ ಸಾರ್," ಎಂದರು ಗುರುಪ್ರಕಾಶ್. "ಆ ಕೈ ಎಷ್ಟುದ್ದ ಅಂತ ನಂಗೊತ್ತು."

ನಿವೃತ್ತಿಯ ನಂತರ ಗಂಗಾಂಬಿಕೆಯವರು ಕ್ಯಾತ್ಸಂದ್ರದ ತಮ್ಮ ಮನೆಯ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಳ್ಳಲಿದ್ದಾರೆ. ನೋಡಲು ಹೋಗುವವರು ಹಾರದ ಬದಲು ಹಳೆಯ ಅಂಗಿ ಒಯ್ಯುವುದು ಒಳ್ಳೆಯದು. ಮುಖಪುಟದ ಕೈಯನ್ನು ಯಾರೂ ತಿದ್ದಿಲ್ಲ. ಅವರ ಆಯುಷ್ಯವೂ ಅಷ್ಟೇ ಉದ್ದವಾಗಲಿ.