ಮೂಗು ಒಣಗುವ ತನಕ

ತರಗತಿಯಲ್ಲಿ ಮೊದಲ ಸೀನು ಯಾವತ್ತೂ ಹಿಂದಿನ ಬೆಂಚಿನಿಂದಲೇ ಬರುತ್ತದೆ. ನಾನು ಪದ್ಯವೊಂದನ್ನು ರಾಗವಾಗಿ ಎಳೆದು, ಸ್ವಂತ ಕಂಠಕ್ಕೆ ನಾನೇ ಮರುಳಾಗಿ, ಕಣ್ಣು ಅರೆಮುಚ್ಚಿದ ಹೊತ್ತಿಗೆ ಸರಿಯಾಗಿ ಅದು ಸಿಡಿಯುತ್ತದೆ. ನಡುವಿನ ಬೆಂಚು ಅದನ್ನು ಅನುಮೋದಿಸಿ, ಮುಂದಿನ ಬೆಂಚು ದನಿಗೂಡಿಸಿ, ಛಂದಸ್ಸಿನ ಯಾವ ಗಣಕ್ಕೂ ಸಿಗದ ಲಯವೊಂದು ಕೋಣೆಯನ್ನು ಆಳತೊಡಗುತ್ತದೆ. ನೆಗಡಿಗೆ ಸಂಸ್ಕೃತದಲ್ಲಿ ಪೀನಸವೆಂದೂ ಪ್ರತಿಶ್ಯಾಯವೆಂದೂ ಘನವಾದ ಹೆಸರುಗಳಿವೆ ಎಂದು ಒಮ್ಮೆ ಮಕ್ಕಳಿಗೆ ಹೇಳಿದೆ. ಅಷ್ಟು ದೊಡ್ಡ ಹೆಸರು ಕೇಳಿದ್ದೇ ತಡ, ಇಬ್ಬರು ತಮ್ಮ ಕಾಯಿಲೆ ಗಂಭೀರವಾಗಿದೆಯೆಂದು ರಜೆ ಕೇಳಿದರು.

ನಮ್ಮದು ಶಹಾಪುರದ ಹೊರವಲಯದ ಒಂದು ವಸತಿ ಶಾಲೆ. ಸುರಪುರದಿಂದ ದಿನಾ ಬಸ್ಸಿಗೆ ಬರುವ ನಾನು ಅಲ್ಲಿ ಕನ್ನಡದ ಮಾಸ್ತರ. ಮಕ್ಕಳ ಆರೋಗ್ಯ ನೋಡಿಕೊಳ್ಳುವ ನರ್ಸು ದೋರನಹಳ್ಳಿಯ ಸಿದ್ದಮ್ಮ ಸಿಸ್ಟರ್. ನೆಗಡಿಯ ಮಗು ಅವರ ಕೋಣೆಗೆ ಹೋದರೆ ಒಂದು ಕ್ರಮವುಂಟು. ಮೊದಲು ಕೈಯ ಹಿಂಬದಿಯನ್ನು ಹಣೆಗೆ ಇಡುತ್ತಾರೆ, ಆಮೇಲೆ ಕಂಕುಳಿಗೆ ಥರ್ಮಾಮೀಟರು, ಗಡಿಯಾರ ನೋಡುತ್ತ ಉಸಿರಿನ ಎಣಿಕೆ, ಕೊನೆಗೆ "ಉಂಡಿಯೇನು?" ಎಂಬ ಪ್ರಶ್ನೆ. ಜ್ವರವಿದ್ದರೆ, ಉಸಿರಾಡಲು ಕಷ್ಟವಾಗುತ್ತಿದ್ದರೆ, ಗಳಿಗೆ ತಡಮಾಡದೆ ಆಸ್ಪತ್ರೆಗೂ ಮನೆಗೂ ಫೋನು. ಅದಾವುದೂ ಇಲ್ಲದಿದ್ದರೆ ಒಂದು ಲೋಟ ಬಿಸಿನೀರು, ಮೂಗು ಸೀಟಲು ಶುಭ್ರವಾದ ಬಟ್ಟೆ, ಸಾಬೂನು ಹಚ್ಚಿ ಕೈ ತೊಳೆಸುವುದು, ಮತ್ತು ನೇರ ಕ್ಲಾಸು. ಗುಳಿಗೆ ಮಾತ್ರ ಇಲ್ಲ. ಒಂದು ಸೀನಿಗೆ ಮೂರು ಬಣ್ಣದ ಗುಳಿಗೆ ನುಂಗಿ, ಮಫ್ಲರ್ ಸುತ್ತಿಕೊಂಡು, ಹೆಂಡತಿಯೊಡನೆ ಉಯಿಲು ಬರೆಸುವ ಧಾಟಿಯಲ್ಲಿ ಮಾತಾಡುವ ನನಗೆ ಇದೆಲ್ಲ ಕಲ್ಲೆದೆಯ ಕೆಲಸ ಅನ್ನಿಸುತ್ತಿತ್ತು. ನನ್ನ ಜಾಗದಲ್ಲಿ ನೀವಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದಿರಿ, ಬಿಡಿ.

ಕಳೆದ ಮಳೆಗಾಲದಲ್ಲಿ ಆರನೇ ತರಗತಿಗೆ ಹುಣಸಗಿ ಕಡೆಯಿಂದ ಭಾಗ್ಯಶ್ರೀ ಎಂಬ ಹುಡುಗಿ ಬಂದಳು. ಬಂದ ಮೂರನೇ ವಾರಕ್ಕೆ ನೆಗಡಿ. ಸಿಸ್ಟರ್ ತಮ್ಮ ಕ್ರಮ ಮುಗಿಸಿ ಅವಳನ್ನೂ ಕ್ಲಾಸಿಗೆ ಕಳಿಸಿದರು. ಅವಳು ಮೂಗನ್ನೂ ಕಣ್ಣನ್ನೂ ಒಟ್ಟಿಗೆ ಒರೆಸಿಕೊಳ್ಳುತ್ತ ನನ್ನ ಮೇಜಿನ ಬಳಿ ಬಂದು, "ಸರ್ರಿ, ಅಪ್ಪಗ ಫೋನ್ ಮಾಡ್ರಿ. ನಾ ಇಲ್ಲಿ ಇರಾಕ ಒಲ್ಲೆರಿ, ಮನಿಗಿ ಹೋಗ್ತೀನಿ" ಅಂದಳು. ನನ್ನ ಕರುಳು ಬಹಳ ಬೇಗ ಚುರುಕ್ಕೆನ್ನುವಂಥದ್ದು. ಮುಂದಿನದನ್ನು ಯೋಚಿಸುವ ಅಭ್ಯಾಸ ಅದಕ್ಕಿಲ್ಲ. ಯಾರನ್ನೂ ಕೇಳದೆ ಅವಳ ಅಪ್ಪನಿಗೆ ಫೋನು ಹಚ್ಚಿ, "ಹುಡುಗಿಗಿ ಆರಾಮಿಲ್ಲ, ಬಂದು ಕರಕೊಂಡು ಹೋಗ್ರಿ" ಅಂದುಬಿಟ್ಟೆ.

ಸಂಜೆ ವಿಷಯ ತಿಳಿದ ಸಿಸ್ಟರ್ ನನ್ನನ್ನು ಹೊರಗೆ ಕರೆದರು. "ಸರ್, ನೀವು ಪಾಠ ಮಾಡ್ರಿ, ನೆಗಡಿ ನಾ ನೋಡ್ತೀನಿ," ಅಂದರು. ಆಮೇಲೆ ದನಿ ತಗ್ಗಿಸಿ ಕಾರಣ ಹೇಳಿದರು. ಹಿಂದೆ ಇಬ್ಬರು ಹುಡುಗಿಯರು ಹೀಗೇ ಮೊದಲ ತಿಂಗಳ ನೆಗಡಿಗೆ, ನಾಲ್ಕೇ ದಿನವೆಂದು ಮನೆಗೆ ಹೋಗಿದ್ದರಂತೆ. ನಾಲ್ಕು ದಿನ ಹೋಗಿ ಭತ್ತದ ನಾಟಿ ಬಂತು, ನಾಟಿ ಮುಗಿದರೆ ಕಳೆ ಕೀಳುವುದು ಬಂತು, ಅವರ ಸೀಟು ಪಟ್ಟಿಯಲ್ಲಿದ್ದ ಮುಂದಿನವರಿಗೆ ಹೋಯಿತು. ಇಬ್ಬರೂ ಮತ್ತೆ ಶಾಲೆಗೆ ಬರಲಿಲ್ಲ.

ಮರುದಿನ ಭಾಗ್ಯಶ್ರೀಯ ಅಪ್ಪ ಬಂದ. ಗದ್ದೆಯ ಕೆಸರು ಕಾಲ ಮೇಲೆ ಹಾಗೇ ಒಣಗಿತ್ತು. ಕೈಯಲ್ಲಿ ಮಗಳ ಬಟ್ಟೆ ತುಂಬಿಕೊಂಡು ಹೋಗಲೆಂದು ತಂದ ಖಾಲಿ ಚೀಲ. ನಾನು ತಪ್ಪಿತಸ್ಥನಾಗಿ ಬಾಗಿಲ ಬದಿಗೆ ನಿಂತೆ. ಸಿಸ್ಟರ್ ವಾದಕ್ಕೇ ಇಳಿಯಲಿಲ್ಲ. ಅವನಿಗೆ ಕೈ ತೊಳೆಯಲು ಹೇಳಿ, ಮಗಳ ಎದುರು ಕೂರಿಸಿ, "ನಿಮ್ಮ ಕೈಲೆ ನೀವೇ ನೋಡ್ರಿ" ಎಂದು ಹಣೆ ಮುಟ್ಟಿಸಿದರು, ಉಸಿರು ಎಣಿಸುವುದನ್ನು ಕಲಿಸಿದರು. ಅವನು ತುಟಿ ಅಲುಗಿಸುತ್ತ ಶ್ರದ್ಧೆಯಿಂದ ಎಣಿಸಿ, "ಜ್ವರ ಏನಿಲ್ರಿ, ಮೈ ತಣ್ಣಗ ಅದ," ಅಂದ.

"ಹೌದ್ರಿ. ಮೂಗು ಸೋರಾಗ ಯಾವ ಕೂಸಿಗಾದ್ರೂ ಮನಿ ನೆನಪಾಗ್ತದ. ಅಂಥಾ ಹೊತ್ತಿನ್ಯಾಗ ಇರ್ತಿಯೋ ಬರ್ತಿಯೋ ಅಂತ ಕೇಳಬ್ಯಾಡ್ರಿ. ಮೂಗು ಒಣಗ್ಲಿ, ಆಮ್ಯಾಲ ಕೇಳ್ರಿ. ಆವಾಗೂ ಬರ್ತೀನಿ ಅಂದ್ರ ನಾನೇ ಕರಕೊಂಡು ಬಂದು ನಿಮ್ಮ ಮನಿಗಿ ಬಿಡ್ತೀನಿ," ಅಂದರು ಸಿಸ್ಟರ್.

ಮಗಳು ಅತ್ತಳು. ಅಪ್ಪ ಬಹಳ ಹೊತ್ತು ಅವಳನ್ನೇ ನೋಡಿದ. ಕೊನೆಗೆ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ತಿರುಗಿ ನೋಡಿದರೆ ಮನಸ್ಸು ಕರಗುತ್ತದೆಂದು ಗೊತ್ತಿದ್ದವನಂತೆ, ಗೇಟಿನ ತನಕ ನೆಟ್ಟಗೆ ನಡೆದುಹೋದ.

ಮುಂದಿನ ನಾಲ್ಕು ದಿನ ಬಸ್ಸಿಳಿದವನೇ ನಾನು ಆ ಪುಟ್ಟ ಮೂಗಿನ ಕ್ಷೇಮಸಮಾಚಾರ ವಿಚಾರಿಸುತ್ತಿದ್ದೆ. ಯಾವ ಮಂತ್ರಿಯ ಮೂಗಿಗೂ ನನ್ನಿಂದ ಅಷ್ಟು ಮರ್ಯಾದೆ ಸಂದಿಲ್ಲ. ಸಿಸ್ಟರ್ ಹೊತ್ತುಹೊತ್ತಿಗೆ ಬಿಸಿನೀರು ಕುಡಿಸಿದರು, ಬಿಸಿ ಬ್ಯಾಳಿ ಸಾರಿನಲ್ಲಿ ಜೋಳದ ರೊಟ್ಟಿ ಮುರಿದು ಹಾಕಿ ಎದುರು ಕೂತು ಉಣ್ಣಿಸಿದರು, ತಲೆ ಬಾಚಿ ಜಡೆ ಹಾಕುತ್ತ ಅವಳ ಊರಿನ ಎಮ್ಮೆಗಳ ಹೆಸರನ್ನೆಲ್ಲ ಕೇಳಿ ತಿಳಿದುಕೊಂಡರು. ಇಂಥವರನ್ನು ಕಲ್ಲೆದೆಯವರು ಅಂದುಕೊಂಡಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಐದನೇ ದಿನ ಬೆಳಿಗ್ಗೆ ಮೂಗು ಒಣಗಿತ್ತು. ಸಿಸ್ಟರ್ ಮಾತಿಗೆ ತಪ್ಪದೆ ಹುಡುಗಿಯನ್ನು ನನ್ನ ಬಳಿ ಕರೆತಂದು, ಅವಳಪ್ಪನಿಗೆ ಫೋನು ಹಚ್ಚಲು ಹೇಳಿದರು. ನಾನು ಸ್ಪೀಕರ್ ಹಾಕಿ ಹಿಡಿದೆ.

"ಅಪ್ಪಾ, ನೆಗಡಿ ಹೋಗ್ಯಾದ," ಅಂದಳು ಭಾಗ್ಯಶ್ರೀ.

"ಬರ್ಲೇನವ್ವಾ?"

ಅವಳು ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಸಿಸ್ಟರ್ ಕಿಟಕಿಯ ಕಡೆ ಮುಖ ತಿರುಗಿಸಿದರು. ನಾನು ಫೋನನ್ನು ಅವಳಿಗೆ ಇನ್ನಷ್ಟು ಹತ್ತಿರ ಹಿಡಿದೆ.

"ಐತ್ವಾರ ಬಾ. ಅವ್ವಗ ಹೇಳಿ ರೊಟ್ಟಿಗಿ ಹಚ್ಕೊಳ್ಳಾಕ ಶೇಂಗಾ ಹಿಂಡಿ ಮಾಡಿಸ್ಕೊಂಡು ಬಾ. ಸಿಸ್ಟರಿಗೂ ತಾ."

"ಕರಕೊಂಡು ಹೋಗಾಕ ಬರ್ಲೇನು?"

"ಅಲ್ಲ, ನೋಡಾಕ ಬಾ."

ಆ ಕಡೆ ಅಪ್ಪ ಏನೋ ಹೇಳಲು ಹೋಗಿ ಕೆಮ್ಮಿದ; ಈ ಕಡೆ ಸಿಸ್ಟರ್ ಸೆರಗಿನಿಂದ ಮುಖ ಒರೆಸಿಕೊಂಡರು. ಹುಡುಗಿಗೆ ಇದಾವುದರ ಪರಿವೆಯಿಲ್ಲ. ಫೋನನ್ನು ನನ್ನ ಕಡೆ ತಳ್ಳಿ, "ಸರ್ರಿ, ಗಂಟಿ ಆಗ್ಯಾದ. ಮೊದಲನೇ ಪಿರಡ್ ನಿಮ್ಮದೇ ಅದ, ಜಲ್ದಿ ಬರ್ರಿ" ಎಂದು ಓಡಿದಳು. ನಾನು ಪುಸ್ತಕ ತೆಗೆದುಕೊಂಡು ಅವಳ ಹಿಂದೆ ನಡೆದೆ.