ನಲವತ್ತೆಂಟರ ದೋಣಿ ಡಾಲರು

ಹಳೆಯ ನಾಣ್ಯ ತೊಳೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕಾಲ ಹಚ್ಚಿದ ಕಪ್ಪು ಇರುತ್ತದಲ್ಲ, ಅದೇ ನಾಣ್ಯದ ಆಸ್ತಿ. ಅದನ್ನು ಉಜ್ಜಿ ಫಳಫಳ ಹೊಳೆಸಿ ತಂದು ಮುಖದ ಮುಂದೆ ಹಿಡಿಯುವವರಿಗೆ ನಾನು ಚಹಾ ಕೂಡ ಕೊಡುವುದಿಲ್ಲ. ಆಸ್ಟಿನ್ನಿನಲ್ಲಿ ನಾಣ್ಯದ ಹುಚ್ಚಿರುವವರಿಗೆಲ್ಲ ನನ್ನ ಈ ಸಿಟ್ಟು ಗೊತ್ತು. ಪ್ರಹ್ಲಾದರಿಗೆ ಗೊತ್ತಿರಲಿಲ್ಲ, ಏಕೆಂದರೆ ಅವರಿಗೆ ಆ ಹುಚ್ಚೇ ಇರಲಿಲ್ಲ. ಹುಚ್ಚಿದ್ದದ್ದು ಅವರ ಹೆಂಡತಿಗೆ.

ಪ್ರಹ್ಲಾದ್ ಮೈಸೂರಿನವರು. ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನಲ್ಲಿ ನಮ್ಮ ಬೀದಿಯಲ್ಲೇ ಮನೆ. ಚಿಪ್ ಕಂಪನಿಯಿಂದ ರಿಟೈರ್ ಆದರು. ಮರುವರ್ಷವೇ ಸುಶೀಲಾ ತೀರಿಕೊಂಡರು. ಆಮೇಲೆ ಬೆಳಗಿನ ವಾಕಿಂಗಿಗೆ ನನ್ನ ಜೊತೆ ಬರತೊಡಗಿದರು. ಮಾತು ಬಹಳ ಕಡಿಮೆ. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ, "ಶ್ರೀಕರ್, ಕೆನಡಾದ ನಲವತ್ತೆಂಟರ ಬೆಳ್ಳಿ ಡಾಲರ್ ಎಲ್ಲಿ ಸಿಗುತ್ತೆ?" ಎಂದರು. ಕರಿಬೇವು ಎಲ್ಲಿ ಸಿಗುತ್ತದೆ ಎಂದು ಕೇಳುವ ಧಾಟಿ!

"ಅದ್ಯಾಕ ಬೇಕ್ರಿ ನಿಮಗ?" ಎಂದೆ. ನಾನು ಧಾರವಾಡದವನು, ಆಶ್ಚರ್ಯವಾದರೆ ದನಿ ಏರುತ್ತದೆ.

"ಸುಶೀಲಂಗೆ ಬೇಕಾಗಿತ್ತು."

ಟೆಕ್ಸಾಸಿಗೆ ಬರುವ ಮೊದಲು ಅವರು ವಿನಿಪೆಗ್‌ನಲ್ಲಿದ್ದರು. ಸುಶೀಲಾ ಅಲ್ಲಿ ಒಂದು ದಿನಸಿ ಅಂಗಡಿಯ ಗಲ್ಲಾದಲ್ಲಿ ಕೂರುತ್ತಿದ್ದರು. ಒಂದು ದಿನ ಮುದುಕಿಯೊಬ್ಬಳು ಹಾಲಿಗೆ ಹಳೆಯ ಬೆಳ್ಳಿ ಡಾಲರು ಕೊಟ್ಟಳು. ಒಂದು ಮುಖದಲ್ಲಿ ದೋಣಿಗೆ ಹುಟ್ಟು ಹಾಕುತ್ತಿರುವ ಇಬ್ಬರು. ಇನ್ನೊಂದು ಮುಖದಲ್ಲಿ ಆರನೆಯ ಜಾರ್ಜ್ ರಾಜನ ತಲೆ. ಆ ತಲೆ ಸುಶೀಲಾಗೆ ಬಾಲ್ಯದ ಪರಿಚಯ. ಮೈಸೂರಿನಲ್ಲಿ ಅವರ ತಾಯಿ ವರಮಹಾಲಕ್ಷ್ಮಿ ಹಬ್ಬದಲ್ಲಿ ಕಲಶದ ಮುಂದೆ ಇಡುತ್ತಿದ್ದ ಬೆಳ್ಳಿ ರೂಪಾಯಿಗಳ ಮೇಲೂ ಅದೇ ರಾಜ, ಅದೇ ಬೋಳು ಕೆನ್ನೆ. ಆ ಹಿಮದ ಊರಿನಲ್ಲಿ ತೌರಿನವರು ಯಾರೋ ಸಿಕ್ಕಿದ ಹಾಗಾಯಿತಂತೆ. ತಮ್ಮ ಪರ್ಸಿನಿಂದ ಒಂದು ನೋಟು ತೆಗೆದು ಗಲ್ಲಾಕ್ಕೆ ಹಾಕಿ, ರಾಜನನ್ನು ಮನೆಗೆ ಕರೆತಂದರು.

ಅಲ್ಲಿಂದ ಶುರುವಾಯಿತು. ಅಂಗಡಿಗೆ ಬಂದದ್ದು, ಸಂತೆಯಲ್ಲಿ ಕೊಂಡದ್ದು, ಪಕ್ಕದ ಮನೆಯ ಅಜ್ಜ ಕೊಟ್ಟದ್ದು ಎಲ್ಲ ಸೇರಿ, ಆ ರಾಜನ ಕಾಲದ ಅಷ್ಟೂ ವರ್ಷಗಳ ಡಾಲರುಗಳು ಕೂಡಿದವು. ಕೆಲವು ವರ್ಷದವು ಎರಡು, ಮೂರು. ನಲವತ್ತೆಂಟರದು ಮಾತ್ರ ಸಿಗಲೇ ಇಲ್ಲ.

ಸಿಗದಿರುವುದರಲ್ಲಿ ನಮ್ಮ ದೇಶದ ಪಾಲೂ ಇದೆ ಎಂದು ನಾನು ಪ್ರಹ್ಲಾದರಿಗೆ ಹೇಳಿದೆ. ಆ ನಾಣ್ಯಗಳಲ್ಲಿ ರಾಜನ ತಲೆಯ ಸುತ್ತ 'ಭಾರತದ ಚಕ್ರವರ್ತಿ' ಎಂಬ ಅರ್ಥದ ಲ್ಯಾಟಿನ್ ಅಕ್ಷರಗಳಿದ್ದವು. ನಮಗೆ ಸ್ವಾತಂತ್ರ್ಯ ಬಂತು, ಆ ಬಿರುದು ಕಿತ್ತುಹೋಯಿತು. ಬಿರುದಿಲ್ಲದ ಹೊಸ ಅಚ್ಚು ಲಂಡನ್ನಿನಿಂದ ಬರುವಷ್ಟರಲ್ಲಿ ನಲವತ್ತೆಂಟನೆಯ ವರ್ಷವೇ ಕಳೆಯುತ್ತಾ ಬಂದಿತ್ತು. ಹಾಗಾಗಿ ಆ ವರ್ಷದ ಡಾಲರುಗಳು ಬಹಳ ಕಡಿಮೆ.

ಪ್ರಹ್ಲಾದ್ ನಕ್ಕರು. "ಇದು ಗೊತ್ತಿದ್ದಿದ್ರೆ ಅವಳು ಎಷ್ಟು ಖುಷಿ ಪಡ್ತಿದ್ಲು," ಎಂದರು.

ಹಬ್ಬದ ದಿನ ಸುಶೀಲಾ ಕಲಶದ ಮುಂದೆ ಡಾಲರುಗಳನ್ನು ವರ್ಷದ ಪ್ರಕಾರ ಸಾಲಾಗಿ ಇಡುತ್ತಿದ್ದರಂತೆ. ನಲವತ್ತೆಂಟರ ಜಾಗದಲ್ಲಿ ಒಂದು ಅಡಿಕೆ. ಇಲ್ಲದ್ದರ ಜಾಗಕ್ಕೆ ಅಡಿಕೆ ಇಟ್ಟು ಪೂಜೆ ಸಾಗಿಸುವುದು ನಮ್ಮಲ್ಲಿ ಇರುವುದೇ. "ಮುಂದಿನ ವರ್ಷ ಈ ಲಕ್ಷ್ಮೀನೂ ಬರ್ತಾಳೆ, ನೋಡ್ತಿರಿ," ಎಂದು ಪ್ರತಿ ವರ್ಷ ಆ ಅಡಿಕೆಗೂ ಕುಂಕುಮ ಹಚ್ಚುತ್ತಿದ್ದರು. ಅವರು ತೀರಿಕೊಂಡ ವರ್ಷ ಹಬ್ಬ ನಡೆಯಲಿಲ್ಲ. ಈ ವರ್ಷ ಪೇರ್‌ಲ್ಯಾಂಡಿನಲ್ಲಿರುವ ಮಗಳು ಗಾರ್ಗಿ, ಅಮ್ಮನ ಕಲಶವನ್ನು ತನ್ನ ಮನೆಯಲ್ಲಿ ಕೂರಿಸುತ್ತೇನೆ ಎಂದಿದ್ದಳು.

"ಈ ಸಲ ಅಡಿಕೆ ಇಡಬಾರದು, ಶ್ರೀಕರ್. ಅಷ್ಟೇ ನಂಗೆ ಬೇಕಾಗಿರೋದು."

ಡಾಲಸ್ಸಿನಲ್ಲಿ ನಾಣ್ಯಗಳ ಮೇಳವಿತ್ತು. ಒಂದೇ ವರ್ಷದ ಹೆಚ್ಚುವರಿ ಡಾಲರುಗಳನ್ನು ಅಲ್ಲಿ ಕೊಟ್ಟು, ಮೇಲೆ ಸ್ವಲ್ಪ ಹಾಕಿದರೆ ನಲವತ್ತೆಂಟರದು ಬರಬಹುದು ಎಂದು ನಾನೇ ಭರವಸೆ ಕೊಟ್ಟೆ. ನಾಣ್ಯಗಳನ್ನು ನೋಡದೆ ಕೊಟ್ಟ ಭರವಸೆ. ವೇಕೋ ಹತ್ತಿರದ ಟ್ರಾಫಿಕ್ಕಿನಲ್ಲಿ ತೆವಳುತ್ತಾ ಡ್ರೈವ್ ಮಾಡುವಾಗಲೂ ಅವರು ಡಾಲರುಗಳ ಗಂಟನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು.

ಕೆನಡಾದ ನಾಣ್ಯ ಮಾರುವ ಮುದುಕನೊಬ್ಬನ ಮೇಜಿನ ಮೇಲೆ ಗಂಟು ಬಿಚ್ಚಿದರು. ಹಸಿರು ರೇಷ್ಮೆಯ ರವಿಕೆ ಕಣದಿಂದ ಡಾಲರುಗಳು ಹೊರಬಂದವು. ಒಂದೊಂದೂ ಸ್ಟೀಲ್ ಲೋಟದ ಹಾಗೆ ಬೆಳಗುತ್ತಿತ್ತು!

"ಯಾರ್ರೀ ಇವನ್ನ ತಿಕ್ಕಿದವ್ರು?" ಎಂದು ಜನರ ನಡುವೆಯೇ ಕೂಗಿಬಿಟ್ಟೆ.

"ಸುಶೀಲ. ಪ್ರತಿ ಹಬ್ಬಕ್ಕೂ ವಿಭೂತಿ ಹಾಕಿ ಉಜ್ಜೋಳು. ದೇವರ ಮುಂದೆ ಕಪ್ಪಗಿರೋದು ಇಡೋಕಾಗುತ್ತಾ?"

ಮುದುಕ ಭೂತಗನ್ನಡಿ ಹಿಡಿದು ಒಂದೊಂದನ್ನೇ ತಿರುಗಿಸಿ ನೋಡಿದ. ರಾಜನ ಕೆನ್ನೆ ಸವೆದಿದೆ, ಮೈತುಂಬ ಗೀರು, ಕರಗಿಸುವ ಬೆಳ್ಳಿಯ ಬೆಲೆ ಬಿಟ್ಟು ಹೆಚ್ಚೇನೂ ಕೊಡಲಾರೆ ಎಂದ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಬೇಳೆ ಬೇಯುವುದಿಲ್ಲ ಎಂದು ನಾನು ಗಂಟು ಕಟ್ಟಲು ಹೋದಾಗ ಅವನು ಕೇಳಿದ: ರಾಜನ ಕಿವಿಯೊಳಗೆ ಇದೇನು ಕೆಂಪು? ಎಲ್ಲದರಲ್ಲೂ ಇದೆಯಲ್ಲ?

ಪ್ರಹ್ಲಾದ್ ಭೂತಗನ್ನಡಿ ತೆಗೆದುಕೊಂಡು ಬಗ್ಗಿದರು. ತುಂಬ ಹೊತ್ತು ಏಳಲಿಲ್ಲ. ಹಿಂದೆ ನಿಂತವರು ಗೊಣಗತೊಡಗಿದರು. ನಾನು ಪ್ರಹ್ಲಾದರ ಹೆಗಲು ಮುಟ್ಟಿದೆ.

"ಕುಂಕುಮ. ಅವಳ ಬೆರಳಿಂದು," ಎಂದರು. ಕಣ್ಣು ತುಂಬಿತ್ತು. "ಇವು ಕೊಡಕ್ಕಲ್ಲ. ಒಂದನ್ನೂ ಕೊಡಲ್ಲ."

ಒಂದೊಂದನ್ನೇ ಎತ್ತಿ ರವಿಕೆ ಕಣಕ್ಕೆ ಹಾಕಿ ಮತ್ತೆ ಗಂಟು ಕಟ್ಟಿಕೊಂಡರು. ಆಮೇಲೆ, ಡಿಸೆಂಬರಿನಲ್ಲಿ ಮೈಸೂರಿಗೆ ಹೋಗಲೆಂದು ಇಟ್ಟುಕೊಂಡಿದ್ದ ದುಡ್ಡಿನಲ್ಲಿ ಆ ಮುದುಕನಿಂದಲೇ ನಲವತ್ತೆಂಟರ ಡಾಲರು ಕೊಂಡರು. ತಜ್ಞರು ಪರೀಕ್ಷಿಸಿ ದರ್ಜೆ ಕೊಟ್ಟು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡಿದ್ದ, ಯಾರ ಕೈಯೂ ಕೆಡಿಸದ, ತಿಳಿಗಪ್ಪು ಹೊದ್ದ ಚೆಲುವೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ನಾನೇ ಅದನ್ನು ಹಿಡಿದುಕೊಂಡಿದ್ದೆ. ನನಗೆ ಹೊಟ್ಟೆಕಿಚ್ಚಾಗಿತ್ತು ಎಂದರೆ ಸುಳ್ಳಲ್ಲ.

ಹಬ್ಬದ ಶುಕ್ರವಾರ ಪೇರ್‌ಲ್ಯಾಂಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಗಾರ್ಗಿ ಅಮ್ಮನ ಸೀರೆ ಉಟ್ಟಿದ್ದಳು. ಕಲಶಕ್ಕೆ ಮುಖವಾಡ ಕಟ್ಟಿ, ಹೂವು ಮುಡಿಸಿ, ಮುಂದೆ ತಟ್ಟೆ ಇಟ್ಟಿದ್ದಳು. ಪ್ರಹ್ಲಾದ್ ನೇರವಾಗಿ ಅಡುಗೆಮನೆಗೆ ಹೋಗಿ ಏಲಕ್ಕಿ ಕುಟ್ಟುವ ಕುಟ್ಟಾಣಿ ತೆಗೆದುಕೊಂಡರು. ನನಗೆ ತಿಳಿಯುವಷ್ಟರಲ್ಲಿ ಪೆಟ್ಟಿಗೆಯ ಅಂಚಿಗೆ ಒಂದು ಏಟು ಬಿದ್ದಿತ್ತು.

"ಅಪ್ಪಾ! ಇಟ್ಸ್ ಗ್ರೇಡೆಡ್, ಅದನ್ನ ಒಡೀಬೇಡಿ!" ಎಂದು ಗಾರ್ಗಿ ಓಡಿಬಂದಳು.

"ಹುಚ್ಚ ಹಿಡದದೇನ್ರಿ ನಿಮಗ?" ಎಂದೆ ನಾನು.

"ಇದೊಂದೇ ಬೇರೆ ಥರ ಕೂತ್ಕೊಳ್ಳುತ್ತೆ, ಶ್ರೀಕರ್. ಅವಳು ಇದ್ದಿದ್ರೆ ತೊಳೆದೇ ಇಡ್ತಿದ್ಲು."

ನಲ್ಲಿಯ ಕೆಳಗೆ ಹಿಡಿದರು. ವಿಭೂತಿಯ ಗಟ್ಟಿ ಅವರ ಒದ್ದೆ ಬೆರಳಿಗೆ ಪುಡಿಯಾಗಲಿಲ್ಲ. ಒಂದು ಸಲ ಉಜ್ಜಿದರೆ ಆ ನಾಣ್ಯದ ಬೆಲೆ ಎಷ್ಟು ಇಳಿಯುತ್ತದೆ ಎಂದು ಅಲ್ಲಿ ನನಗೊಬ್ಬನಿಗೇ ಚೆನ್ನಾಗಿ ಗೊತ್ತಿತ್ತು. ವಿಭೂತಿ ಇಸಿದುಕೊಂಡು, ಪುಡಿ ಮಾಡಿ ಅವರ ಅಂಗೈಗೆ ಹಾಕಿದೆ.

ನಲವತ್ತೇಳಕ್ಕೂ ನಲವತ್ತೊಂಬತ್ತಕ್ಕೂ ನಡುವೆ, ಉಳಿದವುಗಳಂತೆಯೇ ಹೊಳೆಯುತ್ತಾ ಅದು ಕೂತಿತು. ಗಾರ್ಗಿ ಸಾಲಿಗೆಲ್ಲ ಕುಂಕುಮ ಹಚ್ಚಿದಳು. ಅಮ್ಮನ ಪೂಜಾ ಡಬ್ಬಿಯಲ್ಲಿದ್ದ ಆ ಹಳೆಯ ಅಡಿಕೆ ಅವಳ ಕೈಯಲ್ಲಿ ಉಳಿದಿತ್ತು.

"ಇದು ಇನ್ನು ಬೇಡ ಅಲ್ವಾ ಅಪ್ಪ? ಡಬ್ಬಿಗೆ ಹಾಕ್ಲಾ?"

ಪ್ರಹ್ಲಾದ್ ಅದನ್ನು ಇಸಿದುಕೊಂಡರು. ಗೋಡೆಗೆ ಒರಗಿಸಿದ್ದ, ಸುಶೀಲಾ ಪೂಜೆಗೆ ಕೂರುತ್ತಿದ್ದ ಮಣೆಯನ್ನು ತಂದು ಮಗಳ ಮಣೆಯ ಪಕ್ಕಕ್ಕೆ ಹಾಕಿದರು. ಅದರ ಮೇಲೆ ಅಡಿಕೆ ಇಟ್ಟು, "ಈಗ ಶುರು ಮಾಡಮ್ಮ," ಎಂದರು.